ಪರ್ಷಿಯನ್ ಬೆಕ್ಕು: ಅದರ ಲಕ್ಷಣ ಮತ್ತು ಪಾಲನೆ

ಹಾಸನ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಸಿಂಹದ ಕೇಸರದ ಪರಿಚಯ ಬಾಲ್ಯದಿಂದಲೇ ಆಗಿರುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲ ಬಳಿ ಸಳನೊಡನೆ ಹೋರಾಡುವ ಮೃಗವನ್ನು ಕೆಲವರು ಹುಲಿಯೆಂದು ಹೇಳುವರಾದರೂ ಶಿಲ್ಪಿ ಅದಕ್ಕೆ ಕೊಟ್ಟಿರುವುದು ಸಿಂಹದ ಕೇಸರವನ್ನೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಆನೆಗಳ ಸಾಲಿನ ಮೇಲೆ ಸಿಂಹಗಳದೇ ಒಂದು ಸಾಲಿದೆ. ಆ ಕಲ್ಲಿನ ಕೂದಲು 12ನೆಯ ಶತಮಾನದಿಂದ ಇಂದಿನವರೆಗೆ ಬಾಚಣಿಗೆಯ ಹಂಗಿಲ್ಲದೆ ಸುರುಳಿ ಸುರುಳಿಯಾಗಿ ನಿಂತಿದೆ. ಆದರೆ ಅದೇ ಮಾರ್ಜಾಲ ಕುಲಕ್ಕೆ ಸೇರಿದ, ಉದ್ದ ಕೂದಲಿನ, ಜೀವವಿರುವ ಒಂದು ಪುಟ್ಟ ಪ್ರಾಣಿ ಈಚಿನ ವರ್ಷಗಳಲ್ಲಿ ನಮ್ಮ ಅರಸೀಕೆರೆಯ ಮನೆಗಳಿಗೂ ಬಂದಿದೆ. ಅದನ್ನು ಒಂದು ವಾರ ಬಾಚದೆ ಬಿಟ್ಟರೆ ಮೈಯೆಲ್ಲ ಜಡೆಗಟ್ಟುತ್ತದೆ. ಅದೇ ಪರ್ಷಿಯನ್ ಬೆಕ್ಕು.

ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ ಮತ್ತು ಕನ್ನಡವನ್ನು ಓದುತ್ತಿರುವವನು. ಈ ವಿಷಯವನ್ನು ನಾನು ಅರಸಿ ಹೋದದ್ದಲ್ಲ, ಅದೇ ನನ್ನನ್ನು ಅರಸಿ ಬಂತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಅತ್ತೆಯ ಮಗ ಅಲ್ಲಿ ಒಂದು ಬಿಳಿಯ ಮರಿಯನ್ನು ಕೊಂಡು, ಅದನ್ನು ನೋಡಿಕೊಳ್ಳಲು ಬಿಡುವಿಲ್ಲದೆ ಅರಸೀಕೆರೆಗೆ ತಂದು ತಾಯಿಯ ಮಡಿಲಿಗೆ ಹಾಕಿದ. ಅತ್ತೆ ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟರು. ಮುಂದೆ ನಡೆದದ್ದನ್ನು ಸಂದರ್ಭ ಬಂದಾಗ ಹೇಳುತ್ತೇನೆ. ಮೊದಲು ಈ ಬೆಕ್ಕಿನ ಕುಲಗೋತ್ರಗಳನ್ನು ವಿಚಾರಿಸೋಣ.

ಇಟಲಿಯ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿಯ ಹೆಸರನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳು ಕೇಳಿರಬಹುದು. 1623ರಲ್ಲಿ ಅವನು ಗೋವೆಯಿಂದ ಹೊರಟು ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡನು. ಆಮೇಲೆ ಮಂಗಳೂರಿಗೆ ಹೋಗಿ ಉಳ್ಳಾಲದ ರಾಣಿಯನ್ನೂ ನೋಡಿದನು. ದಾರಿಯಲ್ಲಿ ನಮ್ಮ ಹುಡುಗರು ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದು ಕಲಿಯುತ್ತಿದ್ದುದನ್ನು ಮೆಚ್ಚಿ ಬರೆದವನೂ ಅವನೇ. ನಮ್ಮ ನಾಡಿಗೆ ಬರುವ ಮೊದಲು ಅವನು ಪರ್ಷಿಯದಲ್ಲಿ ಕೆಲವು ವರ್ಷ ಇದ್ದನು. ಅಲ್ಲಿನ ಖೊರಾಸಾನ್ ಪ್ರಾಂತ್ಯದ, ರೇಷ್ಮೆಯಂತಹ ನೀಳ ಕೂದಲಿನ ಬೂದುಬಣ್ಣದ ಬೆಕ್ಕುಗಳನ್ನು ಕಂಡು ಬೆರಗಾಗಿ, ಅವುಗಳ ಸಂತತಿಯನ್ನು ಇಟಲಿಗೆ ಒಯ್ಯಬೇಕೆಂದು 1620ರ ಸುಮಾರಿಗೆ ಪತ್ರದಲ್ಲಿ ಬರೆದನು. ಯೂರೋಪಿನವರು ಈ ಬಗೆಯ ಬೆಕ್ಕಿನ ಬಗ್ಗೆ ಬರೆದ ಮೊದಲ ಬರಹಗಳಲ್ಲಿ ಇದೂ ಒಂದು. ಇಕ್ಕೇರಿಯ ಅರಮನೆಯನ್ನು ಕಂಡ ಕಣ್ಣೇ ಪರ್ಷಿಯದ ಬೆಕ್ಕನ್ನೂ ಕಂಡಿತ್ತೆಂಬುದು ಸ್ವಾರಸ್ಯವಲ್ಲವೆ?

ಆದರೆ ಇಂದು ಪರ್ಷಿಯನ್ ಎನಿಸಿಕೊಂಡಿರುವ ತಳಿ ರೂಪುಗೊಂಡದ್ದು ಹೆಚ್ಚಾಗಿ ಇಂಗ್ಲೆಂಡಿನಲ್ಲಿ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹ್ಯಾರಿಸನ್ ವಿಯರ್ ಎಂಬಾತ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಲ್ಲಿ ಈ ಬಗೆಯ ಬೆಕ್ಕುಗಳಿದ್ದವು. ಅಲ್ಲಿಂದ ಮುಂದೆ ಸಾಕಣೆಗಾರರು ತಮಗೆ ಬೇಕಾದ ರೂಪಕ್ಕೆ ಅದನ್ನು ತಿದ್ದುತ್ತ ಬಂದರು. ಈ ಶತಮಾನದ ಅನುವಂಶಿಕ ಪರೀಕ್ಷೆಗಳಲ್ಲಿ ಪರ್ಷಿಯನ್ ಬೆಕ್ಕಿನ ರಕ್ತಸಂಬಂಧ ಪಶ್ಚಿಮ ಏಷ್ಯದ ಬೆಕ್ಕುಗಳಿಗಿಂತ ಪಶ್ಚಿಮ ಯೂರೋಪಿನ ಬೆಕ್ಕುಗಳಿಗೇ ಹತ್ತಿರವೆಂದು ಕಂಡುಬಂದಿದೆ. ಹೆಸರು ಪರ್ಷಿಯದ್ದು, ಮೈ ಯೂರೋಪಿನದು!

ಇನ್ನು ಲಕ್ಷಣಗಳಿಗೆ ಬರೋಣ. ಅಗಲವಾದ ದುಂಡು ತಲೆ, ಸಣ್ಣ ಕಿವಿ, ದೊಡ್ಡ ಗುಂಡು ಕಣ್ಣು, ಗಿಡ್ಡ ಕಾಲು, ದಪ್ಪನೆಯ ಬಾಲ ಇವು ಮುಖ್ಯ ಲಕ್ಷಣಗಳು. ಬೆಳೆದ ಬೆಕ್ಕು ಸಾಮಾನ್ಯವಾಗಿ 3ರಿಂದ 6 ಕಿಲೋ ತೂಗುತ್ತದೆ. ಕೂದಲು ಎರಡು ಪದರ: ಮೇಲಿನದು ನೀಳವಾದದ್ದು, ಒಳಗಿನದು ಹತ್ತಿಯಂತೆ ಮೃದುವಾದದ್ದು. ಸ್ವಭಾವ ಶಾಂತ, ದನಿ ಮೆಲ್ಲಗೆ. ಬೀದಿಯ ಬೆಕ್ಕಿನಂತೆ ಹಂಚಿನಿಂದ ಹಂಚಿಗೆ ಹಾರದು. ಕುಳಿತಲ್ಲೇ ಕುಳಿತು ಮನೆಯವರನ್ನು ಮಠದ ಸ್ವಾಮಿಗಳಂತೆ ನೋಡುತ್ತಿರುತ್ತದೆ.

ಉದ್ದ ಕೂದಲಿದ್ದ ಮಾತ್ರಕ್ಕೆ ಬೆಕ್ಕು ಪರ್ಷಿಯನ್ ಆಗುವುದಿಲ್ಲ. ಕೂದಲು ಎಷ್ಟು ಬೆಳೆದ ಮೇಲೆ ನಿಲ್ಲಬೇಕೆಂದು ಆಜ್ಞೆ ಕೊಡುವ ಒಂದು ಜೀನು ಇದೆ. ಅದು ಕೆಟ್ಟಾಗ ಕೂದಲು ಬೆಳೆಯುತ್ತಲೇ ಹೋಗುತ್ತದೆ. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಮರಿಗೆ ನೀಳ ಕೂದಲು. ಆದ್ದರಿಂದಲೇ ಗಿಡ್ಡ ಕೂದಲಿನ ಎರಡು ಬೆಕ್ಕುಗಳಿಗೂ ಒಮ್ಮೊಮ್ಮೆ ಕೂದಲಿನ ಮರಿ ಹುಟ್ಟುವುದುಂಟು. ಕೊಳ್ಳುವವರು ಇದನ್ನು ನೆನಪಿಡುವುದು ಜೇಬಿಗೂ ಒಳ್ಳೆಯದು.

ಮುಖದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂಗು ಒಳಗೆ ಕುಸಿದು ಹಪ್ಪಳದಂತೆ ಚಪ್ಪಟೆಯಾದ ಮುಖವನ್ನು ಕೆಲವರು ಸೌಂದರ್ಯವೆನ್ನುತ್ತಾರೆ. ಬೆಕ್ಕಿಗೆ ಅದು ಶಿಕ್ಷೆ. ಉಸಿರಾಟ ಕಷ್ಟವಾಗುತ್ತದೆ; ಹಲ್ಲುಗಳು ಒತ್ತೊತ್ತಾಗಿ ಬೆಳೆಯುತ್ತವೆ; ಕಣ್ಣೀರು ಹೋಗುವ ನಾಳ ಸೊಟ್ಟಗಾಗಿ ಕಣ್ಣು ಸದಾ ಸುರಿಯುತ್ತದೆ. ಮೂಗು ಸ್ವಲ್ಪ ಮುಂದೆ ಚಾಚಿರುವ ಹಳೆಯ ಬಗೆಯ ಮುಖದ ಮರಿಯೇ ಲೇಸು. ಮತ್ತೊಂದು ದೋಷ ಹೊರಗೆ ಕಾಣದು. ಮೂತ್ರಪಿಂಡದಲ್ಲಿ ನೀರಿನ ಗುಳ್ಳೆಗಳು ಬೆಳೆದು, ವಯಸ್ಸಾದಂತೆ ಅದರ ಕೆಲಸವೇ ನಿಲ್ಲುವ ಒಂದು ವಂಶಪಾರಂಪರ್ಯ ರೋಗ ಈ ತಳಿಯಲ್ಲಿ ಬಹಳ. ಇದಕ್ಕೆ ತಾಯಿ ತಂದೆಗಳಲ್ಲಿ ಒಬ್ಬರ ದೋಷವೇ ಸಾಕು; ಮರಿಗಳಲ್ಲಿ ಸರಾಸರಿ ಅರ್ಧಕ್ಕೆ ಅದು ಇಳಿಯುತ್ತದೆ. ಇದನ್ನು ಪತ್ತೆಮಾಡುವ ಪರೀಕ್ಷೆ ಈಗ ಇದೆ. ಮಾರುವವನನ್ನು ಅದರ ಬಗ್ಗೆ ಕೇಳಲು ಸಂಕೋಚಪಡಬಾರದು.

ಪಾಲನೆಯಲ್ಲಿ ಮೊದಲನೆಯದು ಬಾಚುವುದು. ದಿನಕ್ಕೊಮ್ಮೆ, ಹಲ್ಲುಗಳು ದೂರದೂರವಿರುವ ಉಕ್ಕಿನ ಬಾಚಣಿಗೆಯಿಂದ ಬಾಚಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಮೊದಲು ಸಿಕ್ಕು ಬೀಳುತ್ತದೆ. ಸಿಕ್ಕನ್ನು ಬೆರಳಿನಿಂದ ಬಿಡಿಸಬೇಕೇ ಹೊರತು ಕತ್ತರಿ ಹಾಕಬಾರದು. ಬೆಕ್ಕಿನ ತೊಗಲು ತೆಳು, ಗಂಟಿನೊಡನೆ ಮೇಲೆದ್ದು ಕತ್ತರಿಗೆ ಸಿಕ್ಕಿಬಿಡುತ್ತದೆ. ಹಿತ್ತಿಲಿಗೆ ಬಿಟ್ಟರೆ ಉತ್ತರಾಣಿಯ ಬೀಜಗಳು ಮೈಗೆಲ್ಲ ಅಂಟಿಕೊಂಡು ಅರ್ಧ ದಿನದ ಕೆಲಸವಾಗುತ್ತದೆ. ಬಾಚದಿದ್ದರೆ ಬೆಕ್ಕು ತಾನೇ ಮೈ ನೆಕ್ಕಿ ಕೂದಲು ನುಂಗುತ್ತದೆ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿ ವಾಂತಿಯಾಗುತ್ತದೆ, ಒಮ್ಮೊಮ್ಮೆ ಕರುಳಿಗೂ ಅಡ್ಡಬರುತ್ತದೆ. ಕಣ್ಣಿನ ಅಂಚನ್ನು ಒದ್ದೆ ಹತ್ತಿಯಿಂದ ದಿನವೂ ಒರೆಸಬೇಕು.

ಎರಡನೆಯದು ಹವೆ. ಬೆಕ್ಕಿಗೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಅರಸೀಕೆರೆಯ ಮಾರ್ಚ್, ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ಈ ಕಂಬಳಿ ಹೊದ್ದ ಪ್ರಾಣಿಯ ಪಾಡನ್ನು ಊಹಿಸಿಕೊಳ್ಳಿ. ನಮ್ಮ ಹಳೆಯ ಮನೆಗಳ ತಂಪು ಗಾರೆಯ ನೆಲ, ನೆರಳು, ಎರಡು ಮೂರು ಕಡೆ ಇಟ್ಟ ನೀರು ಅದಕ್ಕೆ ಬೇಕು. ಬೆಕ್ಕು ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಅಪಾಯದ ಸೂಚನೆ. ಒದ್ದೆ ಬಟ್ಟೆಯಿಂದ ಮೈ ತಣಿಸಿ ವೈದ್ಯರಲ್ಲಿಗೆ ಒಯ್ಯಬೇಕು. ಬೇಲೂರಿನ ಕಡೆಯವರಿಗೆ ತೊಂದರೆ ಬೇರೆ. ಅಲ್ಲಿನ ಮಳೆಗಾಲದ ತೇವದಲ್ಲಿ ಒದ್ದೆ ಕೂದಲು ಒಣಗದೆ ಗಜಕರ್ಣ ಹತ್ತುತ್ತದೆ. ಅದು ಮನೆಯ ಮಕ್ಕಳಿಗೂ ದಾಟುತ್ತದೆ. ಸ್ನಾನ ಮಾಡಿಸಿದರೆ ಬುಡದವರೆಗೆ ಒಣಗಿಸುವುದು ಕಡ್ಡಾಯ.

ಮೂರನೆಯದು ನಾವು ಅರಿಯದೆ ಹಾಕುವ ವಿಷ. ಅನೇಕ ವಿಷಗಳನ್ನು ಮುರಿದು ಹೊರಹಾಕುವ ಒಂದು ಶಕ್ತಿ ಮನುಷ್ಯನ ಪಿತ್ತಜನಕಾಂಗಕ್ಕಿದೆ, ಬೆಕ್ಕಿನದಕ್ಕೆ ತೀರ ಕಡಿಮೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿದರೂ ಕೇಡು. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತವೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮನೆಯೊಳಗಿನ ಬೆಕ್ಕಿಗೂ ಹಾಕಿಸಬೇಕು. ಯಾವ ಬೆಕ್ಕೇ ಕಚ್ಚಲಿ, ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದು ಆಹಾರ. ನಾನು ಈ ಲೇಖನ ಬರೆಯಲು ಕಾರಣವೇ ಇದು. ನನ್ನ ಅತ್ತೆಯ ಮನೆ ಶುದ್ಧ ಸಸ್ಯಾಹಾರದ್ದು. “ಈ ಮನೆಯಲ್ಲಿ ಬೆಳೆದವರೆಲ್ಲ ಮೊಸರನ್ನ ತಿಂದೇ ಬೆಳೆದದ್ದು ಕಣೋ, ಇದೇನು ಮೇಲಿಂದ ಇಳಿದು ಬಂತೆ?” ಎಂದು ಅವರು ಬೆಳ್ಳಿಗೆ ಹಾಲನ್ನ, ಮೊಸರನ್ನಗಳನ್ನೇ ಪ್ರೀತಿಯಿಂದ ಕಲಸಿ ಹಾಕಿದರು. ಒಂದೂವರೆ ವರ್ಷ ಕಳೆಯಿತು. ಒಂದು ಸಂಜೆ ಬೆಳ್ಳಿ ಹೊಸ್ತಿಲಿಗೆ ಮುಗ್ಗರಿಸಿತು. ಮರುದಿನ ಒರಳಿಗೆ ಹಾಯಿತು. ಕಣ್ಣಿನ ಪಾಪೆ ಹಗಲಿನಲ್ಲೂ ಅಗಲವಾಗಿಯೇ ಇತ್ತು. ಪಶುವೈದ್ಯರು ದೀಪ ಹಿಡಿದು ಕಣ್ಣು ನೋಡಿ, “ಇದಕ್ಕೆ ತಿನ್ನಲು ಏನು ಕೊಡುತ್ತೀರಿ?” ಎಂದು ಮೊದಲು ಕೇಳಿದರು.

ಕಾರಣವಿಷ್ಟು. ಕಣ್ಣಿನ ಅಕ್ಷಿಪಟಕ್ಕೂ ಹೃದಯಕ್ಕೂ ಟಾರಿನ್ ಎಂಬ ವಸ್ತು ಅತ್ಯಗತ್ಯ. ಮನುಷ್ಯನ, ನಾಯಿಯ ದೇಹ ಅದನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಲು ಬರದು. ಮಾಂಸ, ಮೀನುಗಳಿಂದಲೇ ಅದು ಸಿಗಬೇಕು. ಅಕ್ಕಿಯಲ್ಲಿ ಅದು ಇಲ್ಲ, ಹಾಲಿನಲ್ಲಿ ಇರುವುದು ಸಾಲದು. 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಹಾಲಿನ ಪ್ರೋಟೀನಾದ ಕೇಸಿನ್ ಮೇಲೆ ಬೆಳೆದ ಬೆಕ್ಕುಗಳ ಅಕ್ಷಿಪಟ ನಶಿಸುವುದಕ್ಕೆ ಟಾರಿನ್ ಕೊರತೆಯೇ ಕಾರಣವೆಂದು ತೋರಿಸಿದರು. ಇದೇ ಕೊರತೆಯಿಂದ ಹೃದಯ ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿ ತಿಳಿದುಬಂತು. ಆಗ ಟಾರಿನ್ ಕೊಟ್ಟರೆ ಹೃದಯ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಹೋದ ಕಣ್ಣು ಮಾತ್ರ ಮರಳುವುದಿಲ್ಲ.

“ಹಾಗಾದರೆ ನಮ್ಮ ಅಜ್ಜಿಯ ಕಾಲದ ಬೆಕ್ಕುಗಳು ಹಾಲನ್ನ ತಿಂದು ಬದುಕಲಿಲ್ಲವೆ?” ಎಂದು ಮಿತ್ರರೊಬ್ಬರು ಕೇಳಿದರು. ಬದುಕಿದವು, ನಿಜ. ಆದರೆ ಅವು ನಮ್ಮೆದುರು ಹಾಲನ್ನ ತಿಂದು, ರಾತ್ರಿ ಅಟ್ಟದ ಮೇಲೆ ಇಲಿ ಹಿಡಿದು, ಹಗಲು ಓತಿಕೇತ ಹಿಡಿದು ತಮ್ಮ ಊಟವನ್ನು ಪೂರೈಸಿಕೊಳ್ಳುತ್ತಿದ್ದವು. ಬಾಗಿಲು ಹಾಕಿದ ಮನೆಯಲ್ಲಿ ಬೆಳೆಯುವ ಪರ್ಷಿಯನ್ ಬೆಕ್ಕಿಗೆ ಆ ಕಳ್ಳದಾರಿಯಿಲ್ಲ. ನಾವು ಕೊಟ್ಟದ್ದೇ ಅದರ ಪಾಲಿಗೆ ಇರುವುದು. ಅಲ್ಲದೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಹಾಲು ಕಂಡರೆ ಓಡಿಹೋಗುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಗೆ ನಾವೆಲ್ಲ ನಕ್ಕಿದ್ದೇವೆ. ಆ ಬೆಕ್ಕಿಗೆ ನಷ್ಟವೇನೂ ಆಗಿರಲಾರದು.

ಆ ದಿನ ವೈದ್ಯರ ಮಾತು ಕೇಳಿ ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಮನೆಗೆ ಬಂದ ಮೇಲೆ, “ನನ್ನ ಕೈಯಾರೆ ಕಣ್ಣು ಕಳೆದೆನಲ್ಲೋ” ಎಂದರು. ಯಾರೂ ಉತ್ತರ ಕೊಡಲಿಲ್ಲ. ಅಡುಗೆಮನೆಗೆ ಮೀನು ತರುವುದು ಅವರಿಂದಾಗದ ಮಾತು. ಅದನ್ನು ಯಾರೂ ಕೇಳಲೂ ಇಲ್ಲ. ವೈದ್ಯರು ಹೇಳಿದ, ಟಾರಿನ್ ಸೇರಿಸಿದ ಸಿದ್ಧ ಆಹಾರದ ಪೊಟ್ಟಣ ಬಂತು. ಅದನ್ನು ಹಿತ್ತಿಲ ಜಗುಲಿಯ ಗೂಡಿನಲ್ಲಿಟ್ಟು, ಬೇರೆ ತಟ್ಟೆಯಲ್ಲಿ ಬಡಿಸಿ, ಕೈತೊಳೆದು ಒಳಗೆ ಬರುವುದು ಅತ್ತೆಯ ನಿತ್ಯದ ನಿಯಮವಾಯಿತು. ತಮ್ಮ ಆಚಾರವನ್ನು ಅವರು ಬಿಡಲಿಲ್ಲ. ಬೆಕ್ಕಿನ ಆಚಾರವನ್ನು ಬೆಕ್ಕಿಗೆ ಬಿಟ್ಟುಕೊಟ್ಟರು.

ಬೆಳ್ಳಿ ಈಗ ಮೀಸೆಯಿಂದಲೂ ಕಿವಿಯಿಂದಲೂ ಮನೆಯನ್ನು ಅರಿತು ನಡೆಯುತ್ತದೆ. ಅದಕ್ಕೆ ದಾರಿ ತಪ್ಪದಿರಲೆಂದು ಆ ಮನೆಯಲ್ಲಿ ಒರಳಾಗಲಿ ಕುರ್ಚಿಯಾಗಲಿ ಸ್ಥಳ ಬದಲಿಸುವಂತಿಲ್ಲ. ಸಂಜೆ ಅತ್ತೆ ಜಗುಲಿಯಲ್ಲಿ ಕುಳಿತು ಅದರ ಕೂದಲು ಬಾಚುತ್ತಾರೆ. ಯಾರಾದರೂ ಬಂದು “ಎಷ್ಟು ಚೆನ್ನಾಗಿದೆ, ನಮಗೂ ಒಂದು ಬೇಕು” ಎಂದರೆ, ಅವರು ಕೇಳುವುದು ಒಂದೇ ಪ್ರಶ್ನೆ: “ಅದಕ್ಕೆ ಏನು ಹಾಕ್ತೀರಿ?”