ಊರಿನ ‘ರೀ’, ದುಡಿಮೆಯ ‘ನೀ’: ವಲಸೆ ಕಾರ್ಮಿಕರ ಸಂಬೋಧನೆಯಲ್ಲಿ ಗೌರವಸೂಚಕಗಳು

ಗದಗ ಜಿಲ್ಲೆಯ ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳಿಂದ ದುಡಿಮೆಗಾಗಿ ಗೋವಾ, ಮಂಗಳೂರುಗಳಿಗೆ ಹೋಗುವವರ ಬದುಕನ್ನು ಸಾಮಾನ್ಯವಾಗಿ ಮಳೆ, ಕೂಲಿ, ವಸತಿಗಳ ನೆಲೆಯಲ್ಲಿ ಚರ್ಚಿಸಲಾಗುತ್ತದೆ. ಕೆಲಸದ ಸ್ಥಳದಲ್ಲಿ ಅವರನ್ನು ಹೇಗೆ ಕರೆಯಲಾಗುತ್ತದೆ ಎಂಬುದು ಭಾಷಾಧ್ಯಯನಕ್ಕೆ ಸೇರಿದ ಪ್ರಶ್ನೆ. ಗೌರವವು ಪ್ರತ್ಯಯವೊಂದರಲ್ಲೇ ನೆಲೆಸಿರುವುದಿಲ್ಲ, ಅದು ಮಾತಿನ ಕೊಡುಕೊಳೆಯಲ್ಲಿ ನಿರ್ಧಾರವಾಗುತ್ತದೆ ಎಂಬುದನ್ನು ಪ್ರಸ್ತುತ ಲೇಖನ ವಿವರಿಸುತ್ತದೆ.

ಈ ಭಾಗದ ಕನ್ನಡದಲ್ಲಿ ‘ರೀ’ ಎಂಬುದು ‘ಬರ್ರಿ’, ‘ಕೂಡ್ರಿ’ ಮುಂತಾದ ಕ್ರಿಯಾರೂಪಗಳಿಗಷ್ಟೇ ಸೀಮಿತವಲ್ಲ. ‘ಹೌದ್ರೀ’, ‘ಇಲ್ರೀ’, ‘ಯಾಕ್ರೀ’ ಎಂದು ಬಹುತೇಕ ಯಾವ ಪದಕ್ಕಾದರೂ ಅದು ಹತ್ತಿಕೊಳ್ಳುತ್ತದೆ. ಹಳೆಯ ಮೈಸೂರು ಭಾಗದ ಕಿವಿಗೆ ‘ಏನ್ರೀ’ ಕೆಲವೊಮ್ಮೆ ಗದರಿಕೆಯಾಗಿ ಕೇಳಿಸಬಹುದು. ಇಲ್ಲಿ ಅದು ವಿನಯ. ಪ್ರಥಮ ಪುರುಷದಲ್ಲಿಯೂ ‘ಅಂವ’, ‘ಆತ’, ‘ಅವರು’ ಎಂಬ ಮೂರು ಮೆಟ್ಟಿಲುಗಳಿವೆ.

ಆದರೆ ಈ ಸಮೃದ್ಧಿ ಎಲ್ಲರಿಗೂ ಸಮನಾಗಿ ದೊರೆತುದಲ್ಲ. ಹೊಲದ ಆಳು ‘ಗೌಡ್ರ’, ‘ಧಣ್ಯಾರ’ ಎನ್ನಬೇಕು. ವಯಸ್ಸಿನಲ್ಲಿ ಹಿರಿಯನಾದರೂ ಮರಳಿ ಪಡೆಯುವುದು ‘ನೀ’. ಜೀತಪದ್ಧತಿಯನ್ನು 1976ರ ಕಾಯಿದೆ ರದ್ದುಗೊಳಿಸಿತು. ಸರ್ವನಾಮವನ್ನು ಯಾವ ಕಾಯಿದೆಯೂ ತಿದ್ದಲಾರದು. ಬ್ರೌನ್ ಮತ್ತು ಗಿಲ್ಮನ್ ಅವರು 1960ರ ಪ್ರಬಂಧದಲ್ಲಿ ತೋರಿಸಿದಂತೆ, ಸರ್ವನಾಮವು ಪರಸ್ಪರವಾಗಿದ್ದರೆ ಸಮಾನತೆಯನ್ನೂ ಏಕಮುಖವಾಗಿದ್ದರೆ ಅಧಿಕಾರವನ್ನೂ ಸೂಚಿಸುತ್ತದೆ. ಗೆಳೆಯರ ನಡುವಿನ ‘ನೀ’ ಮತ್ತು ಆಳಿಗೆ ಹೇಳುವ ‘ನೀ’ ರೂಪದಲ್ಲಿ ಒಂದೇ, ಅರ್ಥದಲ್ಲಿ ಬೇರೆ.

ವಲಸೆಯಲ್ಲಿ ಈ ಏಕಮುಖತೆಗೆ ಪರಕೀಯತೆಯೂ ಕೂಡಿಕೊಳ್ಳುತ್ತದೆ. ಊರಿನಲ್ಲಿ ‘ಕಾಕಾ’, ‘ಮಾವಾರ’ ಎನಿಸಿಕೊಂಡ ಹಿರಿಯನಿಗೆ ಕರಾವಳಿಯಲ್ಲಿ ‘ಘಟ್ಟದವರು’ ಎಂಬ ಗುಂಪಿನ ಹೆಸರೂ ಗೋವೆಯಲ್ಲಿ ‘ಘಾಟಿ’ ಎಂಬ ಹೀಯಾಳಿಕೆಯೂ ಅಂಟುತ್ತವೆ. ‘ಘಟ್ಟದವರು’ ಎಂಬಲ್ಲಿಯ ಬಹುವಚನವು ಗೌರವಾರ್ಥಕವಲ್ಲ, ಸಂಖ್ಯಾವಾಚಕ ಎಂಬುದನ್ನು ಗಮನಿಸಬೇಕು. ‘ಮಾಸ್ತರರು’ ಎಂಬ ಬಹುವಚನ ಒಬ್ಬನನ್ನು ಎತ್ತರಿಸಿದರೆ, ‘ಘಟ್ಟದವರು’ ಎಂಬ ಬಹುವಚನ ಒಬ್ಬೊಬ್ಬನ ಹೆಸರನ್ನೂ ಅಳಿಸುತ್ತದೆ.

ಹೋಲಿಕೆಗಾಗಿ ಜಪಾನೀ ಭಾಷೆಯನ್ನು ನೋಡಬಹುದು. ಅಲ್ಲಿನ ಕಚೇರಿಗಳಲ್ಲಿ ಸಹೋದ್ಯೋಗಿಯ ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುವುದು ವಾಡಿಕೆ. ವಿದೇಶೀ ಕೆಲಸಗಾರರಿಗೂ ‘ಸಾನ್’ ದೊರೆಯುತ್ತದೆ. ಆದರೆ ಅನೇಕ ವೇಳೆ ಅದು ಸೇರುವುದು ಅವರ ಸ್ವಂತ ಹೆಸರಿಗೆ. ಗೌರವಸೂಚಕ ಉಳಿದರೂ ‘ಹೊರಗಿನವರು’ ಎಂಬ ಗೆರೆ ಅಳಿಯುವುದಿಲ್ಲ. ನಮ್ಮಲ್ಲಿ ಒಂದೇ ರಾಜ್ಯದ, ಒಂದೇ ಭಾಷೆಯ ಜನರ ನಡುವೆಯೂ ಅಂಥ ಗೆರೆ ಇರುವುದು ಯೋಚಿಸಬೇಕಾದ ಸಂಗತಿ.

ಆದ್ದರಿಂದ ಉಪಭಾಷೆಗಳ ಕ್ಷೇತ್ರಕಾರ್ಯದಲ್ಲಿ ಗೌರವಸೂಚಕ ರೂಪಗಳನ್ನು ಪಟ್ಟಿಮಾಡಿದರೆ ಸಾಲದು. ಯಾರು ಯಾರಿಗೆ ಅದನ್ನು ಬಳಸಿದರು, ಮರಳಿ ಏನನ್ನು ಪಡೆದರು ಎಂಬುದನ್ನೂ ದಾಖಲಿಸಬೇಕು. ‘ರೀ’ ಎಂದವನಿಗೆ ‘ನೀ’ ಎಂಬ ಉತ್ತರ ಬಂದಾಗ, ಕೂಲಿಯ ಲೆಕ್ಕದಲ್ಲಿ ಕಾಣದ ನಷ್ಟವೊಂದನ್ನು ವ್ಯಾಕರಣವು ತೋರಿಸಿಕೊಡುತ್ತದೆ.