ರಾತ್ರಿಗೂ ಒಂದು ಗೇಟು ಬೇಕು

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾವು ಪ್ರತಿ ವರ್ಷವೂ ಮಕ್ಕಳಿಗೆ ಹೇಳುವುದುಂಟು. ಚಿಂತೆ ಬಿಟ್ಟರೆ ನಿದ್ದೆ ತಾನಾಗಿ ಬರುತ್ತದೆಂದು ಅವರು ಬರೆಯುತ್ತಾರೆ, ನಾವೂ ಅಂಕ ಕೊಡುತ್ತೇವೆ. ಆದರೆ ಚಿಂತೆ ಬಿಡಲು ಸಾಧ್ಯವೇ ಇಲ್ಲದವನ ನಿದ್ದೆಯ ಗತಿಯೇನು? ಈ ಪ್ರಶ್ನೆ ನಮ್ಮನ್ನು ಕಾಡಿದ್ದು ಹತ್ತನೆಯ ತರಗತಿಯ ಮಕ್ಕಳೊಂದಿಗೆ ನೀಲಗಿರಿಗೆ ಪ್ರವಾಸ ಹೋದಾಗ.

ಮೈಸೂರಿನಿಂದ ಹೊರಡುವಾಗಲೇ ತಡವಾಗಿತ್ತು. ಗುಂಡ್ಲುಪೇಟೆ ದಾಟಿ ಬಂಡೀಪುರದ ತನಿಖಾ ಠಾಣೆ ತಲುಪಿದಾಗ ಗಂಟೆ ಒಂಬತ್ತು ಮೀರಿ ಗೇಟು ಬಿದ್ದಿತ್ತು. ಊಟಿಗೆ ಹೋಗುವ ಈ ರಸ್ತೆಯಲ್ಲೂ ವಯನಾಡಿಗೆ ಹೋಗುವ ರಸ್ತೆಯಲ್ಲೂ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ತಡೆ ಬಿತ್ತು. ವಾಹನಗಳಡಿ ಸಿಕ್ಕಿ ಸಾಯುವ ಕಾಡುಪ್ರಾಣಿಗಳ ರಕ್ಷಣೆಯೇ ಅದರ ಉದ್ದೇಶ. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಯನಾಡಿನಲ್ಲಿ ಇದರ ವಿರುದ್ಧ ನಡೆದ ಚಳವಳಿ ವಾಚಕರಿಗೆ ಗೊತ್ತೇ ಇದೆ. ಆ ವಾದ ಇಲ್ಲಿ ಬೇಡ.

ಗೊಣಗುತ್ತಲೇ ಗುಂಡ್ಲುಪೇಟೆಗೆ ಹಿಂದಿರುಗಿ ಒಂದು ಛತ್ರದಲ್ಲಿ ಮಲಗಿದೆವು. "ಆನೆಗಳು ಮಲಗಲೆಂದು ಗೇಟು ಹಾಕುವುದೇ ಸರ್?" ಎಂದು ಹುಡುಗನೊಬ್ಬ ಕೇಳಿದ. ಉತ್ತರ ತೋಚಲಿಲ್ಲ. ಊರಿಗೆ ಬಂದ ಮೇಲೆ ಓದಿ ತಿಳಿದೆವು: 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಫ್ರಿಕದ ಬೋಟ್ಸ್ವಾನಾ ದೇಶದ ಎರಡು ಹೆಣ್ಣು ಕಾಡಾನೆಗಳು ದಿನಕ್ಕೆ ಸರಾಸರಿ ಎರಡೇ ಗಂಟೆ ನಿದ್ರಿಸಿದ್ದವು!

ಆನೆಯೊಡನೆ ಜಾಗರಣೆ

ಮರುದಿನ ತೆಪ್ಪಕಾಡಿನಿಂದ ಮಸಿನಗುಡಿಗೆ ಹೋದೆವು. ಅಲ್ಲಿ ಹೊಲದಂಚಿನ ಕಾವಲು ಅಟ್ಟಣೆಯ ಬಳಿ ಕನ್ನಡ ಮಾತಾಡುವ ರೈತರೊಬ್ಬರು ಸಿಕ್ಕಿದರು. ಬೆಳೆ ಕೈಗೆ ಬರುವ ತಿಂಗಳುಗಳಲ್ಲಿ ಅವರಿಗೆ ಅಟ್ಟಣೆಯೇ ಮನೆ. "ರಾತ್ರಿ ಒಂದಿಷ್ಟಾದರೂ ನಿದ್ದೆ ಬರುತ್ತದೆಯೇ?" ಎಂದು ವಿಚಾರಿಸಿದೆವು. "ಕಣ್ಣು ಮುಚ್ಕೊಂಡ್ರೂ ಕಿವಿ ಮುಚ್ಚಾಕಿಲ್ಲ ಮೇಷ್ಟ್ರೇ" ಎಂದು ನಕ್ಕರು. ಗೂಡಲೂರಿನ ಕಡೆ ಬಾಳೆ, ಭತ್ತ ಬೆಳೆಯುವವರ ಕಥೆಯೂ ಇದೇ. ಎರಡು ಗಂಟೆಯ ನಿದ್ದೆಯಲ್ಲಿ ಸುಧಾರಿಸಿಕೊಳ್ಳಬಲ್ಲ ಪ್ರಾಣಿಯ ಎದುರು, ಏಳು ಗಂಟೆ ನಿದ್ದೆ ಬೇಕಾದ ಮನುಷ್ಯ ಕಾವಲು ಕೂರಬೇಕಾಗಿದೆ.

ಆ ರೈತರ ಮಾತಿನಲ್ಲಿ ವಿಜ್ಞಾನವೂ ಇದೆ. ಹೊಸ ಜಾಗದಲ್ಲಿ ಮಲಗುವ ಮೊದಲ ರಾತ್ರಿ ಮಿದುಳಿನ ಒಂದು ಪಾರ್ಶ್ವ ಇನ್ನೊಂದರಷ್ಟು ಗಾಢವಾಗಿ ನಿದ್ರಿಸದೆ ಸಪ್ಪಳಕ್ಕೆ ಎಚ್ಚರವಾಗಿರುತ್ತದೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿಕೊಟ್ಟರು. ಕಾವಲುಗಾರನಿಗೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ!

ಗಾಢನಿದ್ರೆಯ ವೇಳೆ

ನಿದ್ದೆ ಒಂದೇ ಹದದಲ್ಲಿ ಸಾಗುವುದಿಲ್ಲ. ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಅದು ಆಳಕ್ಕಿಳಿದು ಮತ್ತೆ ಮೇಲೇರುತ್ತದೆ. ಗಾಢನಿದ್ರೆಯ ಹೆಚ್ಚಿನ ಪಾಲು ನಿದ್ದೆಯ ಮೊದಲ ಮೂರನೆಯ ಒಂದು ಭಾಗದಲ್ಲೇ ಬರುತ್ತದೆ. ಕನಸಿನ ನಿದ್ದೆ ಬೆಳಗಿನ ಜಾವದತ್ತ ಹೆಚ್ಚು. ಬೆಳವಣಿಗೆಯ ಹಾರ್ಮೋನು ಧಾರಾಳವಾಗಿ ಸ್ರವಿಸುವುದೂ, ಹಗಲು ಕಲಿತ ಪಾಠ ನೆನಪಿನಲ್ಲಿ ಊರುವುದಕ್ಕೆ ನೆರವಾಗುವುದೂ ಈ ಗಾಢನಿದ್ರೆಯೇ. ಆದುದರಿಂದ ಮಲಗಿದ ಮೊದಲ ಮೂರು ನಾಲ್ಕು ಗಂಟೆ ಯಾರೂ ಎಬ್ಬಿಸದಂತೆ ನೋಡಿಕೊಳ್ಳುವುದು ಮುಖ್ಯ. ಕಾವಲಿರುವ ಮನೆಗಳು ಸರದಿ ಹಾಕಿಕೊಳ್ಳುವಾಗ ಗಂಟೆಗೊಬ್ಬರಂತೆ ಏಳುವುದಕ್ಕಿಂತ ಒಬ್ಬೊಬ್ಬರಿಗೂ ನಾಲ್ಕೈದು ಗಂಟೆಯ ಮುರಿಯದ ನಿದ್ದೆ ಸಿಗುವಂತೆ ಮಾಡಿಕೊಂಡರೆ ಮೇಲು. ಆಯಾಸ ಕಳೆಯಲೆಂದು ಕುಡಿದು ಮಲಗುವುದು ಮೋಸ. ಮದ್ಯ ಬೇಗ ಮಂಪರು ತರಿಸಿ ನಡುರಾತ್ರಿಯ ನಂತರದ ನಿದ್ದೆಯನ್ನು ಚೂರು ಮಾಡುತ್ತದೆ.

ಊಟಿಯ ಚಳಿ

ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಕರಾವಳಿಯ ನಮ್ಮ ಮಕ್ಕಳು ನಡುಗಿದರು. ನಿಜವಾಗಿ ತಂಪು ನಿದ್ದೆಗೆ ಮಿತ್ರ. ನಿದ್ದೆ ಬರುವ ಮುನ್ನ ದೇಹದ ಒಳಗಿನ ಉಷ್ಣ ಇಳಿಯಬೇಕು. ಅಂಗೈ ಅಂಗಾಲು ಬೆಚ್ಚಗಿದ್ದರೆ ಆ ಉಷ್ಣ ಬೇಗ ಹೊರಬೀಳುತ್ತದೆ. ಆದುದರಿಂದ ಚಳಿಯೂರಿನಲ್ಲಿ ಕಾಲುಚೀಲ ಹಾಕಿ ಮಲಗುವುದು ಒಳ್ಳೆಯದು. ನಮ್ಮ ಸೆಕೆಯೂರಿನಲ್ಲಿ ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚನೆಯ ನೀರಿನ ಸ್ನಾನವೂ ಕಿಟಕಿಯ ಗಾಳಿಯೂ ಇದೇ ಕೆಲಸ ಮಾಡುತ್ತವೆ.

ಆದರೆ ಒಂದು ಎಚ್ಚರಿಕೆಯನ್ನು ಪ್ರವಾಸಿಗರು ಮರೆಯಬಾರದು. ಚಳಿಗೆ ಹೆದರಿ ಬಾಗಿಲು ಕಿಟಕಿ ಮುಚ್ಚಿ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಲೇಬಾರದು. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ನಾವಂತೂ ಕೋಣೆಗೊಂದು ಹೆಚ್ಚಿನ ಕಂಬಳಿ ಕೇಳಿ ತೃಪ್ತರಾದೆವು.

ನೀಲಗಿರಿಯ ಚಹಾದ ವಿಷಯದಲ್ಲೂ ಮಿತಿ ಬೇಕು. ಕುಡಿದ ಚಹಾದ ಕೆಫೀನಿನ ಅರ್ಧ ಪಾಲು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ. ಸಂಜೆ ನಾಲ್ಕರ ಮೇಲೆ ನಮ್ಮ ಪಾಲಿಗೆ ಚಹಾ ಬಂದ್.

ನಮ್ಮ ಮನೆಯ ಗೇಟು

ಎಸ್.ಎಸ್.ಎಲ್.ಸಿ. ಮಕ್ಕಳು ಒಂದು ಗಂಟೆಯ ತನಕ ಓದುತ್ತಾರೆಂದು ಹೆಮ್ಮೆಪಡುವ ಹೆತ್ತವರಿದ್ದಾರೆ. ಈ ಪ್ರಾಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಒಂದು ಗಂಟೆಗೆ ಮಲಗಿ ಆರಕ್ಕೆ ಎದ್ದರೆ ಉಳಿದದ್ದನ್ನು ತರಗತಿಯಲ್ಲಿ ತೂಕಡಿಸಿ ಪಡೆಯಬೇಕಷ್ಟೆ. ಕಾಡಿಗೆ ಒಂಬತ್ತು ಗಂಟೆಗೆ ಗೇಟು ಹಾಕಬಹುದಾದರೆ ಮನೆಗೇಕೆ ಬೇಡ? ಒಂಬತ್ತಾದ ಮೇಲೆ ಮೊಬೈಲ್ ಹೊರಕೋಣೆಯಲ್ಲಿರಲಿ, ದೀಪಗಳು ಮಂದವಾಗಲಿ, ರಜೆಯ ದಿನವೂ ಏಳುವ ಹೊತ್ತು ಬದಲಾಗದಿರಲಿ. ಗೊರಕೆಯ ನಡುವೆ ಉಸಿರು ಕಟ್ಟುವವರೂ ವಾರಗಟ್ಟಲೆ ನಿದ್ದೆ ಬಾರದವರೂ ಸ್ವಂತ ಮಾತ್ರೆ ನುಂಗದೆ ವೈದ್ಯರನ್ನು ಕಾಣಲಿ.

ಮೊದಲ ಪೀರಿಯಡಿನಲ್ಲಿ ತೂಕಡಿಸುವವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ನಾವು. ಪ್ರವಾಸದಿಂದ ಬಂದ ಬಳಿಕ ಅಂಥ ಒಬ್ಬನನ್ನು ಹತ್ತಿರ ಕರೆದು, ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ ಎಂದು ಕೇಳಿದೆವು. ಮೊಬೈಲ್ ಎಂಬ ಉತ್ತರ ನಮ್ಮ ನಿರೀಕ್ಷೆಯಾಗಿತ್ತು. "ಹಂದಿ ಓಡಿಸಲು ಅಪ್ಪನ ಜತೆ ಗದ್ದೆಯಲ್ಲಿದ್ದೆ ಸರ್" ಎಂದ. ಮಸಿನಗುಡಿಯ ಅಟ್ಟಣೆ ನಮ್ಮ ಊರಿನಲ್ಲೂ ಇದೆ. ಆ ದಿನ ಅವನನ್ನು ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಮಲಗಲು ಬಿಟ್ಟೆವು. ಪಾಠವನ್ನು ಮತ್ತೆ ಹೇಳಿಕೊಡಬಹುದು.