ಎಂಟೋ, ಒಂಬತ್ತೋ, ಹನ್ನೆರಡೋ?

2003ರ ಅಕ್ಟೋಬರ್ 21ರ ರಾತ್ರಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲಿನ 48 ಅಂಗುಲದ ದೂರದರ್ಶಕ ಆಕಾಶದ ಒಂದೇ ಮೂಲೆಯನ್ನು ಮೂರು ಸಲ ಚಿತ್ರಿಸಿಕೊಂಡಿತು. ಮೂರು ಚಿತ್ರಗಳಲ್ಲೂ ಒಂದು ಮಂಕು ಚುಕ್ಕಿ ಚೂರೇ ಚೂರು ಜಾಗ ಬದಲಿಸಿತ್ತು. ಕಂಪ್ಯೂಟರ್ ಅದನ್ನು ಗಣನೆಗೇ ತಗೊಳ್ಳಲಿಲ್ಲ. ಇಷ್ಟು ನಿಧಾನ ಹೋಗುವುದನ್ನು ಬಿಟ್ಟುಬಿಡು ಎಂದು ಅದಕ್ಕೆ ಮೊದಲೇ ಹೇಳಿಟ್ಟಿದ್ದರು. ಚುಕ್ಕಿ ಹದಿನಾಲ್ಕು ತಿಂಗಳು ಹಳೆಯ ಚಿತ್ರಗಳ ರಾಶಿಯಲ್ಲಿ ಬಿದ್ದುಕೊಂಡಿತ್ತು.

ನೆಪ್ಚೂನಿನಾಚೆಯ ಕಾಯಗಳ ಈ ಹುಡುಕಾಟದಲ್ಲಿ ನಿಧಾನವೇ ಅಳತೆಗೋಲು. ಬಸ್ಸಿನ ಕಿಟಕಿಯಿಂದ ನೋಡಿದರೆ ಪಕ್ಕದ ಸಾಲುಮರ ಸರ್ರನೆ ಹಿಂದಕ್ಕೋಡುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತಿರುವಂತೆ ಕಾಣುತ್ತದೆ. ಸೂರ್ಯನ ಸುತ್ತ ಓಡುವ ಭೂಮಿಯೇ ಇಲ್ಲಿ ಬಸ್ಸು. ನೆಪ್ಚೂನಿನಾಚೆಯ ಕಾಯ ಸರಿದಂತೆ ತೋರುವುದು ಬಹುಪಾಲು ನಾವು ಸರಿಯುವುದರಿಂದ. ಕಡಿಮೆ ಸರಿದಷ್ಟೂ ಅದು ಹೆಚ್ಚು ದೂರದ್ದು. ಹಾಗೆಂದು ತೀರ ನಿಧಾನದ್ದನ್ನೆಲ್ಲ ಹಿಡಿಯಹೊರಟರೆ ಕ್ಯಾಮೆರಾದ ಕಲೆಗಳೂ ಬಲೆಗೆ ಬೀಳುತ್ತವೆ, ಅದಕ್ಕೇ ಆ ಮಿತಿ. ಮರುತಿಂಗಳು ಸಿಕ್ಕ ಸೆಡ್ನಾ ಎಂಬ ದೂರದ ಕಾಯ ಈ ಮಿತಿಯನ್ನು ಸ್ವಲ್ಪದರಲ್ಲೇ ದಾಟಿ ಬಂದಿತ್ತು. ಇದಕ್ಕೂ ನಿಧಾನದ್ದು ತಪ್ಪಿಸಿಕೊಂಡಿದ್ದರೆ? ಈ ಹುಡುಕಾಟ ನಡೆಸುತ್ತಿದ್ದ ಮೈಕ್ ಬ್ರೌನ್, ಚಾಡ್ ಟ್ರುಹಿಯೊ, ಡೇವಿಡ್ ರಾಬಿನೊವಿಟ್ಜ್ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಜರಡಿ ಹಿಡಿದರು. 2005ರ ಜನವರಿ 5ರಂದು ಚುಕ್ಕಿ ಸಿಕ್ಕಿತು. ಭೂಮಿಗೂ ಸೂರ್ಯನಿಗೂ ಇರುವ ಅಂತರದ ಸುಮಾರು 97 ಪಟ್ಟು ದೂರದಲ್ಲಿತ್ತು. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ಸುಮಾರು 560 ವರ್ಷ ಬೇಕು. ಈಗ ಅದರ ಹೆಸರು ಎರಿಸ್, ಗ್ರೀಕರ ಜಗಳದ ದೇವತೆ.

ಹೆಸರಿಗೆ ತಕ್ಕಂತೆ ಜಗಳವೂ ಆಯಿತು. ಅಷ್ಟು ದೂರದಿಂದ ಹಾಗೆ ಹೊಳೆಯಬೇಕಾದರೆ ಪ್ಲೂಟೊಗಿಂತ ದೊಡ್ಡದೇ ಇರಬೇಕು ಎಂಬ ಲೆಕ್ಕದ ಮೇಲೆ ಆ ಜುಲೈನಲ್ಲಿ ನಾಸಾ ಅದನ್ನು ಹತ್ತನೆಯ ಗ್ರಹವೆಂದೇ ಪ್ರಕಟಿಸಿತು. ಇದು ಗ್ರಹವಲ್ಲ ಎಂದರೆ ಪ್ಲೂಟೊಗೆ ಮಾತ್ರ ಯಾವ ಹಕ್ಕು?

ಗ್ರಹಗಳ ಪಟ್ಟಿ ತಿದ್ದುವುದೇನೂ ಹೊಸದಲ್ಲ. ನಮ್ಮ ಗುಡಿಗಳ ನವಗ್ರಹಗಳಲ್ಲಿ ಸೂರ್ಯ ಚಂದ್ರರಿದ್ದಾರೆ, ಭೂಮಿ ಇಲ್ಲ. 1801ರ ಮೊದಲ ದಿನ ಪಲೆರ್ಮೊದಲ್ಲಿ ಪಿಯಾಟ್ಸಿ ಕಂಡುಹಿಡಿದ ಸಿರೀಸ್ ದಶಕಗಳ ಕಾಲ ಗ್ರಹವೇ ಆಗಿತ್ತು. ಆಮೇಲೆ ಮಂಗಳ, ಗುರುಗಳ ನಡುವೆ ಅದರ ಒಡನಾಡಿಗಳು ಒಂದರ ಹಿಂದೊಂದು ಸಿಗತೊಡಗಿ, ಸಂಖ್ಯೆ ಹದಿನೈದರ ಹತ್ತಿರ ಬಂದಾಗ ಎಲ್ಲವನ್ನೂ ಕ್ಷುದ್ರಗ್ರಹಗಳ ಸಾಲಿಗೆ ಇಳಿಸಿದರು. ಯಾರೂ ಅಳಲಿಲ್ಲ. ಪ್ಲೂಟೊ ಕಥೆಯೂ ಇದೇ, ತಡವಾಯಿತು ಅಷ್ಟೆ. 1930ರಲ್ಲಿ ಕ್ಲೈಡ್ ಟಾಂಬೊ ಅದನ್ನು ಕಂಡ ಮೇಲೆ, ನೆಪ್ಚೂನಿನಾಚೆಯ ಕೈಪರ್ ಪಟ್ಟಿಯ ಇನ್ನೊಂದು ಸ್ವತಂತ್ರ ಸದಸ್ಯ ಡೇವಿಡ್ ಜುವಿಟ್, ಜೇನ್ ಲೂ ಕಣ್ಣಿಗೆ ಬಿದ್ದದ್ದು 1992ರಲ್ಲಿ. ಅಷ್ಟರಲ್ಲಿ ಮೂರು ತಲೆಮಾರಿನ ಮಕ್ಕಳು 'ಒಂಬತ್ತು' ಎಂದು ಉರುಹೊಡೆದಾಗಿತ್ತು.

2006ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರಾಗ್‌ನಲ್ಲಿ ಸೇರಿದಾಗ ಮೊದಲು ಬಂದ ಕರಡು ಸಿರೀಸ್, ಪ್ಲೂಟೊದ ಉಪಗ್ರಹ ಶಾರನ್, ಎರಿಸ್‌ಗಳನ್ನೂ ಸೇರಿಸಿ ಹನ್ನೆರಡು ಗ್ರಹ ಮಾಡಿತ್ತು. ಅದು ಬಿತ್ತು. 24ರಂದು ಮತಕ್ಕೆ ಹಾಕಿ ಒಪ್ಪಿದ್ದು ಮೂರು ಷರತ್ತು: ಸೂರ್ಯನನ್ನು ಸುತ್ತಬೇಕು, ತನ್ನ ತೂಕಕ್ಕೆ ತಾನೇ ಉಂಡೆಯಾಗಿರಬೇಕು, ತನ್ನ ಕಕ್ಷೆಯ ಆಸುಪಾಸನ್ನು ಗುಡಿಸಿಕೊಂಡಿರಬೇಕು. ಪ್ಲೂಟೊ, ಎರಿಸ್ ಎರಡೂ ಮೂರನೆಯದರಲ್ಲಿ ಸೋತು ಕುಬ್ಜಗ್ರಹಗಳಾದವು. ಕುಬ್ಜಗ್ರಹ ಗ್ರಹವಲ್ಲವಂತೆ! ಕುಳ್ಳ ಮನುಷ್ಯ ಮನುಷ್ಯನೇ ಅಲ್ಲ ಎಂದಂತಾಯಿತು. ಈ ಹೆಸರಿಟ್ಟವರನ್ನು ನಾನಂತೂ ಮೆಚ್ಚಲಾರೆ.

ಷರತ್ತನ್ನು ಮಾತ್ರ ಮೆಚ್ಚುತ್ತೇನೆ. ಪ್ಲೂಟೊ ನೆಪ್ಚೂನಿನ ಕಕ್ಷೆಯನ್ನು ಅಡ್ಡ ಹಾಯುವಾಗ ನೆಪ್ಚೂನ್ ಎಲ್ಲಿ ಗುಡಿಸಿದೆ ಎಂದು ಕೇಳುವವರಿದ್ದಾರೆ. ಆದರೆ ನೆಪ್ಚೂನ್ ಮೂರು ಸುತ್ತು ಬರುವಷ್ಟರಲ್ಲಿ ಪ್ಲೂಟೊ ಎರಡು ಸುತ್ತು ಮುಗಿಸುತ್ತದೆ. ಆ ತಾಳಕ್ಕೆ ಬಿಗಿದಿರುವುದರಿಂದಲೇ ಎರಡೂ ಎಂದೂ ಹತ್ತಿರ ಬರುವುದಿಲ್ಲ. ತಾಳ ಹಾಕುವುದು ನೆಪ್ಚೂನ್. ತೂಕದ ಲೆಕ್ಕ ಇನ್ನೂ ಸ್ಪಷ್ಟ: ಭೂಮಿಯ ಕಕ್ಷೆಯ ಬಳಿಯಿರುವ ಉಳಿದ ಚೂರುಪಾರನ್ನೆಲ್ಲ ಒಟ್ಟು ಮಾಡಿದರೆ, ಭೂಮಿ ಅದರ 17 ಲಕ್ಷ ಪಟ್ಟು ತೂಗುತ್ತದೆ. ಪ್ಲೂಟೊ ತನ್ನ ನೆರೆಹೊರೆಯ ಒಟ್ಟು ತೂಕದ ಹತ್ತನೆಯ ಒಂದು ಪಾಲೂ ಇಲ್ಲ. ನಡುವೆ ಗೆರೆ ಎಳೆಯಲು ನಾವು ತಿಣುಕಬೇಕಿಲ್ಲ, ಅದು ತಾನಾಗಿಯೇ ಇದೆ.

ಗಾತ್ರವನ್ನೇ ನಂಬಿದ್ದರೆ ಪೇಚಿಗೆ ಸಿಲುಕುತ್ತಿದ್ದೆವು. 2010ರ ನವೆಂಬರಿನಲ್ಲಿ ಎರಿಸ್ ಒಂದು ನಕ್ಷತ್ರವನ್ನು ಮರೆಮಾಡಿದ ಸೆಕೆಂಡುಗಳನ್ನು ಚಿಲಿಯಿಂದ ಎಣಿಸಿದಾಗ ಅದರ ವ್ಯಾಸ 2,326 ಕಿಲೊಮೀಟರ್ ಎಂದು ತಿಳಿಯಿತು. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಅಳೆದ ಪ್ಲೂಟೊ 2,377! ಗಲಾಟೆ ಎಬ್ಬಿಸಿದ್ದೇ ಚಿಕ್ಕದು. ತೂಕದಲ್ಲಿ ಮಾತ್ರ ಎರಿಸ್ ಶೇ 27ರಷ್ಟು ಹೆಚ್ಚು.

ದೂರದ ಕೆಲವು ಕಾಯಗಳ ಕಕ್ಷೆಗಳು ಒಂದೇ ಕಡೆ ವಾಲಿರುವುದನ್ನು ಕಂಡು, ಭೂಮಿಯ ಹಲವು ಪಟ್ಟು ತೂಕದ ಗ್ರಹವೊಂದು ಅವನ್ನು ಎಳೆಯುತ್ತಿರಬಹುದು ಎಂದು 2016ರಲ್ಲಿ ಕಾನ್‌ಸ್ಟಂಟಿನ್ ಬಟಿಗಿನ್ ಜೊತೆ ವಾದ ಮಂಡಿಸಿದವರೂ ಇದೇ ಬ್ರೌನ್. ಅಂಥದ್ದು ಸಿಕ್ಕರೆ ಮತಕ್ಕೆ ಹಾಕುವ ಅಗತ್ಯವೇ ಇರುವುದಿಲ್ಲ. ಆ ದಿನ ಒಂಬತ್ತು ಎನ್ನೋಣ. ಅಲ್ಲಿಯವರೆಗೆ ಎಂಟು.